ತಿಕ್ಕುನ್ ಓಲಾಮ್: ಗಿಡಕ್ಕೆ ಬೇರೆ ಪದ ಇದೆ

ಪರಿಸರ ದಿನ ಬಂತೆಂದರೆ ಈ ಸಾಲು ಎಲ್ಲಾದರೂ ಕಣ್ಣಿಗೆ ಬೀಳುತ್ತದೆ: ‘ಗಿಡ ನೆಡಿ, ಭೂಮಿ ಉಳಿಸಿ ಎನ್ನುವುದೇ ಯೆಹೂದಿ ಬೈಬಲಿನ ತಿಕ್ಕುನ್ ಓಲಾಮ್.’ ಆ ಬೈಬಲಿನಲ್ಲಿ ಈ ಜೋಡಿಪದವೇ ಇಲ್ಲ.

‘ತಿಕ್ಕುನ್’ ಅಂದರೆ ಸರಿಪಡಿಸುವುದು. ಅದೇ ಧಾತುವಿನ ಇನ್ನೊಂದು ಪದ ‘ತಕ್ಕನಾ’, ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಹೊರಡಿಸುವ ಕಟ್ಟಳೆ. ಈ ನಂಟು ನೆನಪಿಡಿ. ‘ಓಲಾಮ್’ಗೆ ಬೈಬಲಿನಲ್ಲಿ ಮುಗಿಯದ ಕಾಲ ಎಂಬ ಅರ್ಥ. ಜಗತ್ತು ಅನ್ನುವ ಅರ್ಥ ಬಲಿತದ್ದು ಆಮೇಲೆ.

ಜೋಡಿಪದ ಕೈಗೆ ಸಿಗುವುದು ಸುಮಾರು ಕ್ರಿ.ಶ. 200ರ ಮಿಶ್ನಾದಲ್ಲಿ (ರಬ್ಬಿಗಳ ಕಾನೂನು ಸಂಗ್ರಹ), ಅದೂ ವಿಚ್ಛೇದನದ ಭಾಗದಲ್ಲಿ! ಗಂಡ ದೂರದಲ್ಲಿರುವ ಹೆಂಡತಿಗೆ ವಿಚ್ಛೇದನ ಪತ್ರ ಕಳಿಸುತ್ತಾನೆ. ಪತ್ರ ದಾರಿಯಲ್ಲಿರುವಾಗಲೇ ಮನಸ್ಸು ಬದಲಾಗಿ, ಬೇರೆ ಕಡೆ ನ್ಯಾಯಪೀಠ ಕೂರಿಸಿ ಅದನ್ನು ರದ್ದು ಮಾಡಿಸುತ್ತಾನೆ. ಅವಳಿಗೆ ಗೊತ್ತೇ ಇಲ್ಲ. ಪತ್ರ ನಂಬಿ ಮರುಮದುವೆಯಾದರೆ ಹುಟ್ಟುವ ಮಕ್ಕಳಿಗೆ ಕಳಂಕ. ಹಾಗೆ ರದ್ದು ಮಾಡುವಂತಿಲ್ಲ ಎಂದರು ರಬ್ಬಿಗಳ ಹಿರಿಯ ರಬ್ಬಾನ್ ಗಮಲಿಯೇಲ್. ಕಾರಣ? ತಿಕ್ಕುನ್ ಓಲಾಮ್. ಯೆಹೂದಿ ಕಾನೂನಿನ ಪ್ರಕಾರ ಏಳನೇ ವರ್ಷ ಸಾಲ ಮನ್ನಾ ಆಗುತ್ತದೆಂದು ಬಡವರಿಗೆ ಯಾರೂ ಸಾಲ ಕೊಡದಿದ್ದಾಗ, ಮನ್ನಾ ಆಗದಂತೆ ಸಾಲವನ್ನು ನ್ಯಾಯಾಲಯಕ್ಕೆ ಒಪ್ಪಿಸುವ ಪತ್ರ ತಂದವರು ಹಿಲ್ಲೆಲ್ ಎಂಬ ಗುರು. ಕಾರಣ ಮತ್ತೆ ಅದೇ. ಎರಡೂ ತಕ್ಕನಾಗಳೇ: ಕಾನೂನಿನ ತೂತಿಗೆ ತೇಪೆ ಹಾಕುವುದು, ಅಷ್ಟೇ. ಆದರೆ ಆ ತೇಪೆ ನೆರವಾದದ್ದು ಹೆಂಡತಿಗೆ, ಬಡವರಿಗೆ. ಸಾಮಾಜಿಕ ನ್ಯಾಯದ ಹೆಸರಲ್ಲಿ ಈ ಪದ ಬಳಸುವವರಿಗೆ ಸ್ವಲ್ಪ ಹಕ್ಕಿದೆ ಅನ್ನುವುದು ಇದಕ್ಕೇ.

16ನೇ ಶತಮಾನದಲ್ಲಿ ಸಫೇದ್ (ಇಂದಿನ ಇಸ್ರೇಲಿನ ಊರು) ಅನುಭಾವಿಗಳು ‘ತಿಕ್ಕುನ್’ ಅನ್ನು ಸೃಷ್ಟಿಯ ಹೊತ್ತಿಗೆ ಒಡೆದ ದಿವ್ಯ ಪಾತ್ರೆಗಳ ಕತೆಗೆ ಜೋಡಿಸಿದರು. ಅದು ಬೇರೆಯೇ ಲೋಕ, ಬಿಡಿ.

ಇವತ್ತು ಅಮೆರಿಕದ ಎಷ್ಟೋ ಸಿನಗಾಗ್‌ಗಳಲ್ಲಿ (ಯೆಹೂದಿ ಪ್ರಾರ್ಥನಾ ಮಂದಿರ) ‘ತಿಕ್ಕುನ್ ಓಲಾಮ್ ಸಮಿತಿ’ ಇರುತ್ತದೆ. ಹಸಿದವರಿಗೆ ಊಟ, ಚಾವಣಿಗೆ ಸೋಲಾರ್, ಎಲ್ಲ ಅದರ ಲೆಕ್ಕಕ್ಕೇ. ಕೆಲಸ ಒಳ್ಳೆಯದೇ, ತಕರಾರಿಲ್ಲ. ಆದರೆ ಮರಗಿಡಕ್ಕೆ ಅವರದೇ ಹಳೆಯ ಪದ ಇದೆಯಲ್ವಾ? ‘ಬಾಲ್ ತಶ್ಖೀತ್’, ಹಾಳು ಮಾಡಬೇಡ. ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರಕ್ಕೆ ಕೊಡಲಿ ಹಾಕಬೇಡ ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡದ 20ನೇ ಅಧ್ಯಾಯ. ರಬ್ಬಿಗಳು ಅದನ್ನು ಬಟ್ಟೆ, ಪಾತ್ರೆ, ಅನ್ನದವರೆಗೂ ಎಳೆದರು. ಎಣ್ಣೆ ಬೇಗ ಉರಿದುಹೋಗುವ ಹಾಗೆ ದೀಪ ಮುಚ್ಚಿಟ್ಟವನೂ ತಪ್ಪಿತಸ್ಥ ಎನ್ನುತ್ತದೆ ರಬ್ಬಿಗಳ ಚರ್ಚೆಗಳ ಗ್ರಂಥ ತಾಲ್ಮುಡ್. ಎಸಿ ಹಾಕಿ ಕಿಟಕಿ ತೆರೆದಿಡುವವರಿಗೆ ಹೇಳಬೇಕಾದ ಪದ ಇದು.