ತುಕ್ಕು ಕೆರೆದರೆ ಉಳಿಯುವುದೇನು?

ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು 1915ರಲ್ಲಿ, ಪುರಾತತ್ವಜ್ಞ ಬಿ.ಕೆ. ಥಾಪರ್ ಅಲ್ಲಿ ಉತ್ಖನನ ನಡೆಸಿದ್ದು 1954ರಲ್ಲಿ. ಹಿರೇಬೆಣಕಲ್ಲಿನ ಕಲ್ಗೋರಿಗಳ (ದೊಡ್ಡ ಕಲ್ಲುಗಳ ಸಮಾಧಿಗಳ) ಕಾಲದ ಜನ ಕಬ್ಬಿಣ ಬಲ್ಲವರಾಗಿದ್ದರೆಂದು ಪಠ್ಯಪುಸ್ತಕಗಳೇ ಹೇಳುತ್ತವೆ. ಆದರೆ ಮಣ್ಣಿನಿಂದ ಮೇಲೆದ್ದ ದಿನದಿಂದಲೇ ಆ ಕಬ್ಬಿಣದ ಅಳಿವು ಚುರುಕಾಗುತ್ತದೆ ಎಂಬುದು ಸುದ್ದಿಯಾಗುವುದಿಲ್ಲ.

ಕಾರಣ ಉಪ್ಪು. ಮಣ್ಣಿನ ತೇವದಲ್ಲಿರುವ ಉಪ್ಪಿನ ಅಂಶವಾದ ಕ್ಲೋರೈಡ್ ಶತಮಾನಗಳಲ್ಲಿ ತುಕ್ಕನ್ನು ದಾಟಿ ಲೋಹದ ಮೈಗೆ ಸೇರಿಕೊಂಡಿರುತ್ತದೆ. ಹೊರಗಿನ ಗಾಳಿ, ತೇವ ತಗುಲಿದೊಡನೆ ಅಲ್ಲಿ ಆಮ್ಲ ಹುಟ್ಟುತ್ತದೆ. ಅಕಗನೈಟ್ ಎಂಬ ಹೊಸ ತುಕ್ಕಿನ ಹರಳುಗಳು ಬೆಳೆದು ಮೇಲಿನ ಪದರವನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತವೆ. ಕಂದು ಹನಿಗಳು ಬೆವರಿನಂತೆ ಜಿನುಗುತ್ತವೆ. ತುಂಗಭದ್ರಾ ನಾಲೆ ಹರಿದ ಮೇಲೆ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಜವಳು-ಸವಳು ಹೆಚ್ಚಿದ್ದನ್ನು ರೈತರಿಗೆ ಹೇಳಿಕೊಡಬೇಕಿಲ್ಲ. ಅಂಥ ನೆಲದಲ್ಲಿ ಹುದುಗಿರುವ ಕಬ್ಬಿಣಕ್ಕೂ ಅದು ಒಳ್ಳೆಯದಲ್ಲ.

1888ರಲ್ಲಿ ಬರ್ಲಿನ್ನಿನ ಸಂಗ್ರಹಾಲಯಕ್ಕೆ ರಸಾಯನಶಾಲೆ ಬಂತು. 1917ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಗೂ ರಸಾಯನತಜ್ಞರು ಬಂದರು. ಹಿಂದಿನ ಒಲವೆಲ್ಲ ತುಕ್ಕು ತೆಗೆಯುವುದರತ್ತ: ಕಾಸ್ಟಿಕ್ ಸೋಡಾದಲ್ಲಿಟ್ಟು ವಿದ್ಯುತ್ ಹರಿಸಿ ಲೋಹ ಕಾಣುವವರೆಗೆ ಬಿಡುವುದು. ಎಷ್ಟೋ ಕತ್ತಿಗಳ ಅಂಚು ಹೋದದ್ದು ಹೀಗೆಯೇ. ಏಕೆಂದರೆ ವಸ್ತುವಿನ ಮೂಲ ಆಕಾರ ಉಳಿದಿರುವುದು ಬಹುಪಾಲು ತುಕ್ಕಿನ ಪದರದೊಳಗೆ. ಹಿಡಿಯ ಮರದ ಎಳೆ, ಸುತ್ತಿದ್ದ ಬಟ್ಟೆಯ ನೇಯ್ಗೆ ಕೂಡ ಕೆಲವೊಮ್ಮೆ ಅದರಲ್ಲೇ ಅಚ್ಚೊತ್ತಿರುತ್ತದೆ. ಇದು ಮನದಟ್ಟಾದ ಮೇಲೆ ಎಕ್ಸ್-ರೇ ಮೊದಲು, ಚಾಕು ಆಮೇಲೆ ಎಂಬ ಕ್ರಮ ಬಂತು. 1975ರಲ್ಲಿ ಆಸ್ಟ್ರೇಲಿಯಾದ ಸಂರಕ್ಷಣಾ ತಜ್ಞರಾದ ನಾರ್ತ್ ಮತ್ತು ಪಿಯರ್ಸನ್ ಉಪ್ಪು ತೆಗೆಯಲು ಕಾಸ್ಟಿಕ್ ಸೋಡಾ-ಸೋಡಿಯಂ ಸಲ್ಫೈಟ್ ದ್ರಾವಣವನ್ನು ಮುಂದಿಟ್ಟರು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅದರಲ್ಲಿ ನೆನೆಸಿ, ದ್ರಾವಣ ಬದಲಿಸುತ್ತ ಉಪ್ಪನ್ನು ಹೊರಗೆಳೆಯಬೇಕು. ಮೈಗೆ ಬಳಿದು ತುಕ್ಕು ತಡೆಯುವ ಟ್ಯಾನಿಕ್ ಆಮ್ಲ, ಅಕ್ರಿಲಿಕ್ ಲೇಪ ಇವೆಲ್ಲ ಆಮೇಲಿನ ಮಾತು. ಉಪ್ಪನ್ನು ಒಳಗೇ ಬಿಟ್ಟು ಲೇಪ ಬಳಿದರೆ ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೇ.

ಎಷ್ಟು ತೊಳೆದರೂ ಎಲ್ಲ ಉಪ್ಪು ಬರುವುದಿಲ್ಲ. ಹಾಗಾಗಿ ಕೊನೆಯ ಆಸರೆ ಗಾಳಿಯಾಡದ ಡಬ್ಬಿ ಮತ್ತು ತೇವ ಹೀರುವ ಸಿಲಿಕಾ ಜೆಲ್ ಹರಳು. ಒಳಗಿನ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿದಿಡಬಲ್ಲ ತೇವದಲ್ಲಿ ಈಗಿರುವ ಪಾಲು) ಶೇ. 12ರ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ಇಳಿಯಬೇಕು. ಬಳ್ಳಾರಿಯ ಬೇಸಿಗೆಯೂ ತಾನಾಗಿ ಅಷ್ಟು ಒಣಗಿಸಲಾರದು, ಮಳೆಗಾಲದ ಮಾತಂತೂ ಬೇಡ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ತೇವ ಹೀರಿದ ಜೆಲ್ಲನ್ನು ಕಾಯಿಸಿ ಮತ್ತೆ ಒಳಗಿಡುವ ಒಬ್ಬ ನೌಕರ ಸಾಕು. ಉತ್ಖನನದ ಅಂದಾಜು ಪಟ್ಟಿಯಲ್ಲಿ ಕೂಲಿ, ಡೇರೆ, ಜೀಪು ಸೇರುತ್ತವೆ. ಅಗೆತ ಮುಗಿದ ಹತ್ತು ವರ್ಷಗಳ ನಂತರವೂ ಬೇಕಾಗುವ ಜೆಲ್ಲಿಗೆ ಅಲ್ಲಿ ಒಂದು ಸಾಲು ಸಿಗುವುದು ಅಪರೂಪ.