ಹತ್ತು ಆಟ ಮುಂದಿದ್ದವನೇ ಗೆದ್ದ: ಪೂಲ್ ಜೂಜುಕೋರರ ಗಣಿತ

1996ರ ಕೊನೆಯಲ್ಲಿ ಹಾಂಗ್‌ಕಾಂಗ್‌ನಲ್ಲಿ ಇಬ್ಬರು ಮೂರು ದಿನ ಪೂಲ್ ಆಡಿದರು, ಅಂದರೆ ಮೇಜಿನ ಮೇಲೆ ಕ್ಯೂ ಎಂಬ ಕೋಲಿನಿಂದ ಚೆಂಡು ಹೊಡೆದು ಪಾಕೆಟ್‌ಗೆ ಬೀಳಿಸುವ ಆಟ. ಒಬ್ಬ ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್. ಇನ್ನೊಬ್ಬ ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯೆಸ್. ಆಟ ನೈನ್ ಬಾಲ್, ಒಂಬತ್ತು ಚೆಂಡಿನ ಪೂಲ್. ಅದರ ಒಂದೊಂದು ಆಟಕ್ಕೆ ರ್‍ಯಾಕ್ ಅನ್ನುತ್ತಾರೆ. ಮೊದಲು 120 ರ್‍ಯಾಕ್ ಗೆದ್ದವನಿಗೆ ಒಂದು ಲಕ್ಷ ಡಾಲರ್, ಸೋತವನಿಗೆ ಸೊನ್ನೆ. ಕೊನೆಗೆ ರೇಯೆಸ್ 120, ಸ್ಟ್ರಿಕ್‌ಲ್ಯಾಂಡ್ 117.

ಈ ಪಂದ್ಯದ ಮಾತು ಬಂದಾಗ ಜನ ಎರಡು ಪಂಗಡವಾಗುತ್ತಾರೆ. ಒಂದು ಪಂಗಡ ‘ಮೂರೇ ರ್‍ಯಾಕ್ ಅಂತರ, ಬರೀ ಲಕ್’ ಅನ್ನುತ್ತದೆ. ಇನ್ನೊಂದು ಪಂಗಡಕ್ಕೆ ರೇಯೆಸ್ ಮಾಂತ್ರಿಕ, ಅವನ ಕೈಗುಣವೇ ಬೇರೆ. ಅಭಿಮಾನಿಗಳು ಅವನಿಗೆ ಇಟ್ಟ ಅಡ್ಡಹೆಸರೂ ಮ್ಯಾಜಿಷಿಯನ್ ಅಂತಲೇ. ನನಗೆ ಎರಡೂ ಮಾತು ಕಿರಿಕಿರಿ. ಲಕ್ ಎಷ್ಟು, ಕೈಚಳಕ ಎಷ್ಟು ಅಂತ ಅಳೆಯಬಹುದು. ಅಳೆಯುವ ದಾರಿಯನ್ನು ಪೂಲ್ ಹಾಲ್‌ಗಳ ಜೂಜುಕೋರರು ಯಾವ ಕಾಲೇಜಿಗೂ ಹೋಗದೆ ಕಂಡುಕೊಂಡಿದ್ದರು. ಅದೇ ಈ ಲೇಖನದ ವಿಷಯ.

ಮೊದಲು ಹಾಂಗ್‌ಕಾಂಗ್ ಲೆಕ್ಕ. ಇಬ್ಬರೂ ಸರಿಸಮ, ಪ್ರತಿ ರ್‍ಯಾಕೂ ನಾಣ್ಯ ಚಿಮ್ಮಿದ ಹಾಗೆ ಅಂದುಕೊಳ್ಳಿ. ಆಗ 120ರ ರೇಸ್‌ನಲ್ಲಿ ಗೆದ್ದವನಿಗೂ ಸೋತವನಿಗೂ ಸರಾಸರಿ 12 ರ್‍ಯಾಕ್ ಅಂತರ ಇರುತ್ತದೆ. ಯಾರೂ ಯಾರಿಗಿಂತಲೂ ಮೇಲಲ್ಲ, ಆದರೂ 12! 120-108 ಅಂತ ಸ್ಕೋರ್ ಬಂದಿದ್ದರೆ ಪತ್ರಿಕೆಗಳು ‘ಭರ್ಜರಿ ಜಯ’ ಅಂತ ಬರೆಯುತ್ತಿದ್ದವು. ಅಂತರ ಮೂರು ಅಥವಾ ಅದಕ್ಕಿಂತ ಕಡಿಮೆ ಆಗುವುದು ನೂರರಲ್ಲಿ ಸುಮಾರು 15 ಸಲ ಮಾತ್ರ. ಅಂದರೆ 120-117 ಎಂಬ ಸ್ಕೋರ್ ರೇಯೆಸ್ ಮೇಲು ಅಂತ ಹೇಳುವುದಿಲ್ಲ. ಇಬ್ಬರ ಮಧ್ಯೆ ಕೂದಲೆಳೆ ಹಾಕುವುದೂ ಕಷ್ಟ ಅಂತ ಹೇಳುತ್ತದೆ.

ಇನ್ನೊಂದು ವಿಚಿತ್ರ ಇದೆ. ಸರಿಸಮರ ನಡುವಿನ 237 ರ್‍ಯಾಕ್‌ಗಳಲ್ಲಿ ಮುನ್ನಡೆ ಒಬ್ಬನಿಂದ ಇನ್ನೊಬ್ಬನಿಗೆ ಎಷ್ಟು ಸಲ ದಾಟಬಹುದು? ಐವತ್ತು? ಅರವತ್ತು? ಸರಾಸರಿ ಸುಮಾರು ಆರು ಸಲ, ಅಷ್ಟೇ. ಒಮ್ಮೆ ಮುಂದೆ ಹೋದವನು ಗಂಟೆಗಟ್ಟಲೆ ಮುಂದೆಯೇ ಇರುತ್ತಾನೆ. ನೋಡುವವರು ‘ಇವತ್ತು ಅವನ ಟೈಮು’ ಅನ್ನುತ್ತಾರೆ. ಹಿಂದಿರುವವನು ಕ್ಯೂ ಬದಲಿಸುತ್ತಾನೆ, ಅಂಗಿ ಬದಲಿಸುತ್ತಾನೆ. ನಾಣ್ಯಕ್ಕೆ ಟೈಮೂ ಇಲ್ಲ, ಅಂಗಿಯೂ ಇಲ್ಲ, ಆದರೂ ಅದು ಹೀಗೇ ನಡೆದುಕೊಳ್ಳುತ್ತದೆ.

ಈಗ ಇಬ್ಬರಲ್ಲಿ ಒಬ್ಬ ಸ್ವಲ್ಪ ಮೇಲು ಅಂತ ಇಟ್ಟುಕೊಳ್ಳೋಣ. ನೂರು ರ್‍ಯಾಕ್ ಆಡಿದರೆ 55 ಅವನಿಗೆ, 45 ಇನ್ನೊಬ್ಬನಿಗೆ. ಒಂದೇ ರ್‍ಯಾಕ್‌ಗೆ ಬಾಜಿ ಕಟ್ಟಿದರೆ ಅವನು ಗೆಲ್ಲುವ ಸಾಧ್ಯತೆ ನೂರಕ್ಕೆ 55. ಮೊದಲು 9 ಗೆದ್ದವನು ವಿಜೇತ ಅಂದರೆ ಸುಮಾರು 66. 120ರ ರೇಸ್ ಅಂದರೆ 94. ಆಟಗಾರ ಅದೇ, ಟೇಬಲ್ ಅದೇ, ಕೈ ಅದೇ. ಬದಲಾದದ್ದು ಉದ್ದ ಮಾತ್ರ.

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಪಾತ್ರೆಯ ಅಗುಳೆಲ್ಲ ಒಂದೇ ಬೆಂಕಿಯಲ್ಲಿ ಬೆಂದಿರುತ್ತವೆ. ಪೂಲ್‌ನಲ್ಲಿ ಒಂದೊಂದು ರ್‍ಯಾಕೂ ಬೇರೆ ಬೇರೆ ಒಲೆಯ ಮೇಲೆ ಬೆಂದ ಅಗುಳು. ಬ್ರೇಕ್ ಆದಾಗ, ಅಂದರೆ ಆಟ ಶುರುಮಾಡುವ ಮೊದಲ ಹೊಡೆತದಲ್ಲಿ, ಒಂಬತ್ತು ಚೆಂಡು ಎಲ್ಲಿ ಹೋಗಿ ನಿಲ್ಲುತ್ತವೆ ಅನ್ನುವುದು ಯಾರ ಕೈಯಲ್ಲೂ ಪೂರ್ತಿ ಇಲ್ಲ. ಅದಕ್ಕೇ ಹಿಡಿಗಟ್ಟಲೆ ಹಿಚುಕಬೇಕು.

ಈ ಲೆಕ್ಕ ಹೊಸದೇನಲ್ಲ. ಸ್ವಿಟ್ಜರ್‌ಲ್ಯಾಂಡ್‌ನ ಯಾಕೋಬ್ ಬರ್ನೌಲಿಯ ಸಂಭವನೀಯತೆಯ ದೊಡ್ಡ ಗ್ರಂಥ ಅಚ್ಚಾದದ್ದು 1713ರಲ್ಲಿ, ಆತ ಸತ್ತು ಎಂಟು ವರ್ಷದ ಮೇಲೆ. ಅದರ ಜೊತೆಗೇ ಅವನ ಒಂದು ಪತ್ರವೂ ಅಚ್ಚಾಯಿತು. ಗೆಳೆಯನಿಗೆ ಬರೆದ ಪತ್ರ. ವಿಷಯ ಏನು ಗೊತ್ತಾ? ಟೆನ್ನಿಸ್‌ನ ಪೂರ್ವಜನಾದ ಫ್ರಾನ್ಸಿನ ಒಂದು ಆಟದಲ್ಲಿ ಬಲಶಾಲಿ ಆಟಗಾರ ದುರ್ಬಲನಿಗೆ ಎಷ್ಟು ಅಂಕ ಬಿಟ್ಟುಕೊಟ್ಟರೆ ಪಂದ್ಯ ಸರಿಸಮ ಆಗುತ್ತದೆ ಅನ್ನೋದು. ಗಣಿತದ ಇತಿಹಾಸ ಬರೆಯುವವರು ಈ ಪತ್ರವನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನಗೆ ಅದೇ ಇಡೀ ಪುಸ್ತಕದ ರುಚಿಯ ಭಾಗ.

ಬರ್ನೌಲಿ ಕೇಳಿದ ಪ್ರಶ್ನೆಯನ್ನೇ ಅಮೆರಿಕದ ಪೂಲ್ ಹಾಲ್‌ಗಳು ರಾತ್ರಿಯಿಡೀ ಚರ್ಚಿಸುತ್ತಿದ್ದವು. ಬಿಟ್ಟುಕೊಡುವುದಕ್ಕೆ ಅಲ್ಲಿ ‘ಸ್ಪಾಟ್’ ಅನ್ನುತ್ತಾರೆ. ನಮ್ಮ 55-45ರ ಜೋಡಿಯನ್ನೇ ತಗೊಳ್ಳಿ. 11ರ ರೇಸ್‌ನಲ್ಲಿ ದುರ್ಬಲನಿಗೆ ಎರಡು ಆಟ ಮೊದಲೇ ಕೊಟ್ಟರೆ ಪಂದ್ಯ ಹೆಚ್ಚುಕಮ್ಮಿ ಸರಿಸಮ. ಅದೇ ಜೋಡಿ 120ರ ರೇಸ್ ಆಡಿದರೆ ಸರಿಸಮ ಮಾಡಲು 22 ಆಟ ಕೊಡಬೇಕು. ಉದ್ದ ಹತ್ತು ಪಟ್ಟು ಹೆಚ್ಚಿದರೆ ಕೈಚಳಕದ ಅಂತರವೂ ಹತ್ತು ಪಟ್ಟು ಹೆಚ್ಚುತ್ತದೆ. ಲಕ್ ಮಾತ್ರ ಹಾಗೆ ಬೆಳೆಯುವುದಿಲ್ಲ. ಅದು ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ, ಹತ್ತು ಪಟ್ಟಿಗೆ ಬರೀ ಮೂರು ಪಟ್ಟು ಚಿಲ್ಲರೆ. 11ರ ರೇಸ್‌ನಲ್ಲಿ ಎರಡು ಆಟದ ಅಂತರವನ್ನು ನಾಲ್ಕೈದು ಆಟದಷ್ಟು ಲಕ್ ನುಂಗಿಬಿಡುತ್ತದೆ. 120ರಲ್ಲಿ ಲಕ್ 15 ಆಟದ ಆಸುಪಾಸು, ಅಂತರ 22. ಅಲ್ಲಿ ಲಕ್‌ಗೆ ನುಂಗಲು ಆಗುವುದಿಲ್ಲ.

ನಮ್ಮ ನ್ಯಾಯಾಲಯಗಳಲ್ಲಿ ‘ಇದು ಕೌಶಲದ ಆಟವೋ ಅದೃಷ್ಟದ ಆಟವೋ’ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಆನ್‌ಲೈನ್ ಆಟಗಳ ಕುರಿತ ಕರ್ನಾಟಕದ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿದಾಗಲೂ ಚರ್ಚೆ ಇದರ ಸುತ್ತಲೇ ನಡೆಯಿತು. ಕಾನೂನಿನ ಮಾತು ವಕೀಲರಿಗೆ ಬಿಡೋಣ. ಗಣಿತ ಕೇಳುವ ಪ್ರಶ್ನೆ ಒಂದೇ: ಎಷ್ಟು ಆಟ ಆಡ್ತೀರಿ? ಒಂದೇ ರ್‍ಯಾಕ್‌ನ ನೈನ್ ಬಾಲ್ ಹೆಚ್ಚುಕಮ್ಮಿ ಲಾಟರಿ. 120 ರ್‍ಯಾಕ್‌ನ ನೈನ್ ಬಾಲ್ ಪರೀಕ್ಷೆ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರೋಣ.

ದೊಡ್ಡ ಹಣದ ಖಾಸಗಿ ಪಂದ್ಯಗಳಲ್ಲಿ ಅನೇಕ ಸಲ 50, 100 ಅಂತ ಗುರಿ ಇಡುವುದೇ ಇಲ್ಲ. ‘ಟೆನ್ ಅಹೆಡ್’ ಆಡುತ್ತಾರೆ. ಒಬ್ಬ ಇನ್ನೊಬ್ಬನಿಗಿಂತ ಹತ್ತು ಆಟ ಮುಂದೆ ಹೋಗುವವರೆಗೂ ಆಡುವುದು. 10-0 ಆದರೆ ಒಂದೇ ಗಂಟೆಯಲ್ಲಿ ಮುಗಿಯಿತು. 63-62 ಆದರೆ ಕಾಫಿ ಕುಡಿದು ಮತ್ತೆ ಆಡಿ. ನೋಡಿದರೆ ಹುಂಬತನ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿದರೆ ಬೆರಗಾಗುತ್ತದೆ. 55-45ರ ಜೋಡಿಯಲ್ಲಿ ಬಲಶಾಲಿ ಟೆನ್ ಅಹೆಡ್ ಗೆಲ್ಲುವ ಸಾಧ್ಯತೆ 88. ಪಂದ್ಯ ಸರಾಸರಿ 76 ಆಟದಲ್ಲಿ ಮುಗಿಯುತ್ತದೆ. ಮಾಮೂಲಿ ರೇಸ್‌ನಲ್ಲಿ ಅದೇ 88 ಬೇಕು ಅಂದರೆ 70ರ ರೇಸ್ ಇಡಬೇಕು. ಅದು ಮುಗಿಯಲು ಸರಾಸರಿ 120ಕ್ಕೂ ಜಾಸ್ತಿ ಆಟ ಬೇಕು. ಅಂದರೆ ಅಷ್ಟೇ ಖಚಿತವಾದ ತೀರ್ಪು, ಸುಮಾರು ಮೂರರಲ್ಲಿ ಎರಡು ಪಾಲು ಸಮಯದಲ್ಲಿ.

ಗುಟ್ಟು ಇಷ್ಟೇ. ರೇಸ್‌ನಲ್ಲಿ ಫಲಿತಾಂಶ ಎದ್ದು ಕಂಡರೂ ಆಟ ನಿಲ್ಲುವುದಿಲ್ಲ. 60-35 ಆಗಿದೆ, ಯಾರು ಮೇಲು ಅಂತ ಕುರುಡನಿಗೂ ಗೊತ್ತು, ಆದರೂ 70 ಆಗುವವರೆಗೆ ಆಡಬೇಕು. ಟೆನ್ ಅಹೆಡ್‌ನಲ್ಲಿ ಸಾಕ್ಷ್ಯ ಸಾಕಷ್ಟು ಸೇರಿದ ಕ್ಷಣವೇ ಆಟ ನಿಲ್ಲುತ್ತದೆ. ಸಾಕ್ಷ್ಯ ಸಾಲದಿದ್ದರೆ ಮುಂದುವರಿಯುತ್ತದೆ. ಇಬ್ಬರೂ ಸರಿಸಮ ಆಗಿದ್ದರೆ ಸರಾಸರಿ 100 ಆಟ, ಹತ್ತರ ವರ್ಗ. ರ್‍ಯಾಕ್‌ಗೆ ಆರು ನಿಮಿಷ ಅಂದರೂ ಹತ್ತು ಗಂಟೆ. ಜೂಜುಕೋರರ ಪಂದ್ಯಗಳು ಬೆಳಗಿನ ಜಾವದವರೆಗೆ ಯಾಕೆ ನಡೆಯುತ್ತವೆ ಅಂತ ಈಗ ಗೊತ್ತಾಯಿತಲ್ಲ.

ಇದೇ ಉಪಾಯ ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದಲ್ಲಿ ಯುದ್ಧ ರಹಸ್ಯ ಆಗಿತ್ತು! ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರಜ್ಞರ ಒಂದು ತಂಡ ಸೇನೆಗಾಗಿ ಕೆಲಸ ಮಾಡುತ್ತಿತ್ತು. ಎರಡು ಬಗೆಯ ಮದ್ದುಗುಂಡುಗಳಲ್ಲಿ ಯಾವುದು ಮೇಲು ಅಂತ ತೀರ್ಮಾನಿಸಲು ಸಾವಿರಾರು ಸುತ್ತು ಹಾರಿಸಬೇಕು ಎಂದು ಲೆಕ್ಕ ಬಂತು. ಅನುಭವಿ ನೌಕಾಪಡೆ ಅಧಿಕಾರಿಯೊಬ್ಬರಿಗೆ ಇದು ಹಿಡಿಸಲಿಲ್ಲ. ಪಳಗಿದ ಅಧಿಕಾರಿ ಮೊದಲ ಕೆಲವು ನೂರು ಸುತ್ತಿನಲ್ಲೇ ಉತ್ತರ ಹೇಳಬಲ್ಲ, ಪೂರ್ತಿ ಯಾಕೆ ಹಾರಿಸಬೇಕು ಎಂಬುದು ಅವರ ತಕರಾರು. ತಂಡದ ಆಲನ್ ವಾಲಿಸ್ ಮತ್ತು ಮಿಲ್ಟನ್ ಫ್ರೀಡ್‌ಮನ್ ಇದನ್ನು ತಲೆಗೆ ಹಚ್ಚಿಕೊಂಡರು. ಹೌದು, ಮುಂದೆ ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಅದೇ ಫ್ರೀಡ್‌ಮನ್. ಇಬ್ಬರೂ ಪ್ರಶ್ನೆಯನ್ನು ಅದೇ ತಂಡದ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಮುಂದಿಟ್ಟರು. 1943ರಲ್ಲಿ ವಾಲ್ಡ್ ಅದನ್ನು ಬಿಡಿಸಿದರು. ಪ್ರತಿ ಗುಂಡಿನ ನಂತರವೂ ಸಾಕ್ಷ್ಯ ಕೂಡಿಸುತ್ತಾ ಹೋಗಿ, ಅದು ಈ ಕಡೆಯ ಗೆರೆ ಅಥವಾ ಆ ಕಡೆಯ ಗೆರೆ ಮುಟ್ಟಿದ ಕೂಡಲೇ ನಿಲ್ಲಿಸಿ. ಪರೀಕ್ಷೆಯ ಗಾತ್ರ ಎಷ್ಟೋ ಸಲ ಅರ್ಧಕ್ಕೆ ಇಳಿಯಿತು. ಇಂಥದ್ದಕ್ಕಿಂತ ಚೊಕ್ಕ ವಿಧಾನ ಸಾಧ್ಯವಿಲ್ಲ ಅಂತ 1948ರಲ್ಲಿ ವಾಲ್ಡ್ ಮತ್ತು ವೋಲ್ಫೋವಿಟ್ಜ್ ಸಾಧಿಸಿ ತೋರಿಸಿದರು. ಇವತ್ತಿಗೂ ಔಷಧಿ ಪರೀಕ್ಷೆಗಳನ್ನು ಮಧ್ಯದಲ್ಲೇ ನಿಲ್ಲಿಸುವ ನಿಯಮಗಳ ಬೇರು ಇದೇ.

ಎರಡು ಗೆರೆ, ಮಧ್ಯೆ ಹಿಂದೆ ಮುಂದೆ ಓಲಾಡುವ ಲೆಕ್ಕ. ಟೆನ್ ಅಹೆಡ್ ಅಂದರೆ ಅದೇ ತಾನೆ?

ವಾಲ್ಡ್ ಕಥೆ ನಮ್ಮ ಪಕ್ಕದಲ್ಲೇ ಮುಗಿಯಿತು. ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸಕ್ಕೆಂದು ಬಂದಿದ್ದ ಅವರು 1950ರ ಡಿಸೆಂಬರ್ 13ರಂದು ನೀಲಗಿರಿ ಬೆಟ್ಟಕ್ಕೆ ಅಪ್ಪಳಿಸಿದ ವಿಮಾನದಲ್ಲಿದ್ದರು. ಪತ್ನಿಯೂ ಜೊತೆಯಲ್ಲಿದ್ದರು. ಇಬ್ಬರೂ ಉಳಿಯಲಿಲ್ಲ. ಅದೇ ನೀಲಗಿರಿಯ ಊಟಿ ಕ್ಲಬ್ಬಿನಲ್ಲಿ 1882ರಲ್ಲಿ ಸ್ನೂಕರ್ ಆಟದ ನಿಯಮಗಳನ್ನು ಬರೆದು ತೂಗುಹಾಕಿದ್ದರು. ಅದಕ್ಕೂ ಏಳು ವರ್ಷ ಮೊದಲು ಜಬಲ್‌ಪುರದಲ್ಲಿ ಆ ಆಟ ಹುಟ್ಟುಹಾಕಿದ ಸೇನಾಧಿಕಾರಿ ನೆವಿಲ್ ಚೇಂಬರ್ಲೇನ್, ಆಮೇಲೆ ಬ್ರಿಟನ್ ಪ್ರಧಾನಿಯಾದವರಲ್ಲ, ಬೇರೆಯವರು. ಬೆಂಗಳೂರಿನ ಪಂಕಜ್ ಅಡ್ವಾಣಿ ಪ್ರಪಂಚ ಗೆದ್ದದ್ದು ಇದೇ ಆಟದಲ್ಲಿ. ಒಂದೇ ಬೆಟ್ಟಸಾಲು, ಎರಡು ಕಥೆ. ವಾಟ್ಸಾಪ್‌ನಲ್ಲಿ ಇದನ್ನು ಹಾಕಿದರೆ ‘ವಿಧಿ ಲಿಖಿತ’ ಅಂತ ಹತ್ತು ಜನ ಉತ್ತರಿಸುತ್ತಾರೆ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು, ಅಷ್ಟೇ.

ಇಲ್ಲಿವರೆಗೆ 55-45 ಅಂತ ಸುಮ್ನೆ ಹೇಳಿಬಿಟ್ಟೆ. ನಿಜವಾದ ಪೂಲ್ ಹಾಲ್‌ನಲ್ಲಿ ಆ 55 ಎಷ್ಟು ಅಂತ ಯಾರಿಗೂ ಗೊತ್ತಿರುವುದಿಲ್ಲ. ಜೂಜುಕೋರನ ಕಸುಬೇ ಅದನ್ನು ಮುಚ್ಚಿಡುವುದು. 1985ರಲ್ಲಿ ರೇಯೆಸ್ ಮೊದಲ ಬಾರಿ ಅಮೆರಿಕಕ್ಕೆ ಹೋದಾಗ ಅವನ ಹೆಸರು ಅಲ್ಲಿಗೆ ಮೊದಲೇ ತಲುಪಿತ್ತು, ಮುಖ ತಲುಪಿರಲಿಲ್ಲ. ಸೀಸರ್ ಮೊರಾಲೆಸ್ ಅಂತ ಹೆಸರು ಹೇಳಿಕೊಂಡು ಹ್ಯೂಸ್ಟನ್‌ನ ಟೂರ್ನಮೆಂಟಿಗೆ ಇಳಿದ, ಗೆದ್ದ. ಅದಕ್ಕೆ ಪೂರ್ತಿ ಉಲ್ಟಾ ಅಮೆರಿಕದ ಪೂಲ್ ಜೂಜುಕೋರ ರುಡಾಲ್ಫ್ ವಾಂಡರೋನ್. 1961ರಲ್ಲಿ ಬಂದ ಒಂದು ಸಿನಿಮಾದ ಪಾತ್ರ ತಾನೇ ಅಂತ ಹೇಳಿಕೊಂಡು, ಮಿನೆಸೋಟ ಫ್ಯಾಟ್ಸ್ ಅನ್ನೋ ಆ ಪಾತ್ರದ ಹೆಸರನ್ನೂ ತನ್ನದಾಗಿಸಿಕೊಂಡ. ಅವನ ಬಾಯಿ ಅವನ ಕ್ಯೂಗಿಂತ ಜೋರು. 1978ರಲ್ಲಿ ವಿಲ್ಲಿ ಮೊಸ್ಕೋನಿ ಎದುರು ಟಿವಿಯಲ್ಲಿ ಆಡಿ ಸೋತ, ಆಟದುದ್ದಕ್ಕೂ ಮಾತಾಡುತ್ತಲೇ ಇದ್ದ. 1954ರಲ್ಲಿ ಒಂದೂ ತಪ್ಪದೆ ಸಾಲಾಗಿ 526 ಚೆಂಡು ಪಾಕೆಟ್ ಮಾಡಿದ್ದವರು ಈ ಮೊಸ್ಕೋನಿ. ಮುಚ್ಚಿಡಲು ಅವರಿಗೆ ಏನೂ ಉಳಿದಿರಲಿಲ್ಲ.

ಆ ಸಂಖ್ಯೆಯನ್ನು ತಪ್ಪಾಗಿ ಊಹಿಸಿದರೆ ಏನಾಗುತ್ತದೆ? 1996ರಲ್ಲೇ ಡಲ್ಲಾಸ್‌ನಲ್ಲಿ ಒಂದು ಸವಾಲು ಇಟ್ಟಿದ್ದರು. ಎದುರಾಳಿಗೆ ಅವಕಾಶವೇ ಕೊಡದೆ ಸಾಲಾಗಿ ಹತ್ತು ರ್‍ಯಾಕ್ ಮುಗಿಸಿದರೆ ಹತ್ತು ಲಕ್ಷ ಡಾಲರ್. ಅದಕ್ಕೆ ವಿಮೆಯೂ ಇತ್ತು. ಒಬ್ಬ ಆಟಗಾರ ಮೂರರಲ್ಲಿ ಒಂದು ಸಲ ಹಾಗೆ ರ್‍ಯಾಕ್ ಮುಗಿಸುತ್ತಾನೆ ಅಂದರೆ ಸಾಲಾಗಿ ಹತ್ತು ಬರುವುದು 59,049ರಲ್ಲಿ ಒಂದು ಸಲ. ವಿಮೆ ಮಾಡುವವರು ನೆಮ್ಮದಿಯಾಗಿ ಮಲಗಬಹುದು. ಎರಡರಲ್ಲಿ ಒಂದು ಸಲ ಅಂದರೆ 1,024ರಲ್ಲಿ ಒಂದು ಸಲ. ಟೂರ್ನಮೆಂಟ್ ತುಂಬಾ ಅಂಥವರೇ ಇದ್ದರೆ ನಿದ್ದೆ ಬರುವುದಿಲ್ಲ. ಸ್ಟ್ರಿಕ್‌ಲ್ಯಾಂಡ್ ಹತ್ತನ್ನೂ ಮುಗಿಸಿದ. ವಿಮಾ ಕಂಪನಿ ತಕರಾರು ತೆಗೆಯಿತು. ವಿಷಯ ಕೊನೆಗೆ ರಾಜಿಯಲ್ಲಿ ಮುಗಿಯಿತು.

ಹಾಂಗ್‌ಕಾಂಗ್ ಪಂದ್ಯದ್ದಕ್ಕಿಂತ ದೊಡ್ಡ ಮೊತ್ತ ರೇಯೆಸ್ ಪಾಲಿಗೆ ಬಂದದ್ದು 2006ರಲ್ಲಿ, ರೀನೋ ನಗರದ ಎಯ್ಟ್ ಬಾಲ್ ಟೂರ್ನಮೆಂಟಿನಲ್ಲಿ. ಫೈನಲ್‌ನಲ್ಲಿ ರಾಡ್ನಿ ಮಾರಿಸ್ ಎದುರು 8-7, ಬಹುಮಾನ ಐದು ಲಕ್ಷ ಡಾಲರ್. ಎಂಟರ ರೇಸ್, ಕೊನೆಯ ಆಟದವರೆಗೂ ಎಳೆದಾಟ. ಲಕ್‌ಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಆದರೆ ಯಾವ ಸೂತ್ರದಲ್ಲೂ ಇಲ್ಲದ ಇನ್ನೊಂದು ಸಂಭವನೀಯತೆ ಆಮೇಲೆ ತಲೆ ಎತ್ತಿತು. ಟೂರ್ನಮೆಂಟ್ ನಡೆಸಿದವರ ಬಳಿ ಆಟಗಾರರಿಗೆ ಕೊಡುವಷ್ಟು ಹಣವೇ ಇರಲಿಲ್ಲ. ಕಂತುಗಳಲ್ಲಿ ಕೊಡುತ್ತೇವೆ ಅಂದರು. ಪೂಲ್ ಹಾಲ್‌ಗಳ ಜೂಜುಕೋರರು ಈ ವಿಷಯದಲ್ಲೂ ಒಂದು ಹೆಜ್ಜೆ ಮುಂದೆ. ಮೊದಲ ಬ್ರೇಕ್‌ಗೂ ಮುಂಚೆ ಎರಡೂ ಕಡೆಯ ನೋಟು ಮೂರನೆಯವನ ಜೇಬು ಸೇರಬೇಕು. ಇಲ್ಲದಿದ್ದರೆ ಕ್ಯೂಗೆ ಚಾಕ್ ಕೂಡ ಹಚ್ಚುವುದಿಲ್ಲ.