ಅರವತ್ತು: ಒಡೆದರೂ ಸೈ, ಕೂಡಿದರೂ ಸೈ

ಡಿಜಿಟಲ್ ಗಡಿಯಾರವನ್ನು ಒಂದು ನಿಮಿಷ ಸುಮ್ನೆ ನೋಡ್ತಾ ಕೂತುಕೊಳ್ಳಿ. 57, 58, 59, ಆಮೇಲೆ 00. ಅರವತ್ತು ಕಾಣಿಸುವುದೇ ಇಲ್ಲ. ನಿಮಿಷ, ಗಂಟೆ ಎಲ್ಲ ನಿಂತಿರುವುದು ಅದರ ಮೇಲೆ, ಆದರೆ ಅದು ಮಾತ್ರ ಮುಖ ತೋರಿಸುವುದಿಲ್ಲ. ಅರವತ್ತಾಗುವ ಹೊತ್ತಿಗೆ ಎಡಗಡೆಯ ಮನೆಗೆ ಹೋಗಿ ಒಂದಾಗಿ ಕೂತಿರುತ್ತದೆ. ಇವತ್ತು ಈ ಅರವತ್ತರ ಪರಿಚಯ.

ಮೊದಲು ಪದ. ಅರವತ್ತು ಅಂದರೆ ಆರು ಹತ್ತು, ಅಷ್ಟೇ. ಆದರೆ ಹತ್ತು ಇಲ್ಲಿ 'ವತ್ತು' ಆಗಿದ್ದು ಯಾಕೆ? ಹಳಗನ್ನಡದಲ್ಲಿ ಹತ್ತಕ್ಕೆ 'ಪತ್ತು' ಅನ್ನುತ್ತಿದ್ದರು. ಪಾಲು ಹೋಗಿ ಹಾಲಾಯಿತು, ಪೂ ಹೋಗಿ ಹೂವಾಯಿತು, ಹಾಗೇ ಪತ್ತು ಹತ್ತಾಯಿತು. ಪದದ ನಡುವೆ ಸಿಕ್ಕಿಕೊಂಡಿದ್ದ 'ಪ' ಮಾತ್ರ ತಪ್ಪಿಸಿಕೊಂಡಿತು. ಇಪ್ಪತ್ತು, ಎಪ್ಪತ್ತರಲ್ಲಿ ಹಾಗೇ ಉಳಿಯಿತು. ಮೂವತ್ತು, ಐವತ್ತು, ಅರವತ್ತರಲ್ಲಿ ಮೆತ್ತಗಾಗಿ 'ವ' ಆಯಿತು. ಪದದ ಮೊದಲಿಗಿದ್ದ 'ಆರು' ಕೂಡ ಗಿಡ್ಡವಾಗಿ 'ಅರು' ಆಯಿತು, ಆಮೇಲೆ 'ಅರ' ಆಯಿತು.

ಹೆಸರಿನಲ್ಲಿ ಹತ್ತರ ಲೆಕ್ಕ ಇದೆ ನಿಜ. ಆದರೆ ಅರವತ್ತರ ಗುಣವೇ ಬೇರೆ.

ಅರವತ್ತನ್ನು 1, 2, 3, 4, 5, 6, 10, 12, 15, 20, 30, 60 ಇಷ್ಟರಿಂದಲೂ ಶೇಷ ಉಳಿಯದಂತೆ ಭಾಗಿಸಬಹುದು. ಒಟ್ಟು 12 ಅಪವರ್ತನಗಳು. ನೂರು ಇದಕ್ಕಿಂತ ಎಷ್ಟೋ ದೊಡ್ಡದು, ಅದಕ್ಕಿರುವುದು ಒಂಬತ್ತೇ. ನೂರನ್ನು ಮೂರು ಪಾಲು ಮಾಡಲು ಹೋಗಿ, 33.333 ಅಂತ ಬಾಲ ಬೆಳೆಯುತ್ತಲೇ ಹೋಗುತ್ತದೆ. ಅರವತ್ತಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ 12 ಅಪವರ್ತನಗಳಿಲ್ಲ. ಹತ್ತಿರ ಬರುವ 48ಕ್ಕೆ ಇರುವುದು 10. ಹೀಗೆ ತನಗಿಂತ ಚಿಕ್ಕವೆಲ್ಲದಕ್ಕಿಂತ ಜಾಸ್ತಿ ಅಪವರ್ತನ ಇಟ್ಟುಕೊಂಡ ಸಂಖ್ಯೆಗಳಿಗೆ 'ಹೈಲಿ ಕಾಂಪೊಸಿಟ್ ನಂಬರ್' ಅನ್ನುತ್ತಾರೆ. 1915ರಲ್ಲಿ ಶ್ರೀನಿವಾಸ ರಾಮಾನುಜನ್ ಇವುಗಳ ಮೇಲೆಯೇ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದರು. 60 ಆದಮೇಲೆ ಈ ಸಾಲಿನಲ್ಲಿ ಬರುವುದು 120.

ತಮಾಷೆ ಏನಂದರೆ ಇದರ ಅಕ್ಕಪಕ್ಕದ 59 ಮತ್ತು 61 ಎರಡೂ ಅವಿಭಾಜ್ಯ ಸಂಖ್ಯೆಗಳು. ಯಾರಿಗೂ ಪಾಲು ಕೊಡದ ಇಬ್ಬರ ನಡುವೆ ಕೇಳಿದವರಿಗೆಲ್ಲ ಕೊಡುವವನ ಮನೆ.

ಇದನ್ನೇ ಇನ್ನೊಂದು ಕಡೆಯಿಂದ ನೋಡಿ. ಶಾಲೆಯಲ್ಲಿ ಲಸಾಅ ಮಾಡಿದ್ದು ನೆನಪಿದೆ ಅಲ್ವಾ? 1ರಿಂದ 6ರವರೆಗಿನ ಸಂಖ್ಯೆಗಳ ಲಸಾಅ 60. ಒಬ್ಬ ಎರಡೆರಡು, ಇನ್ನೊಬ್ಬ ಮೂರು ಮೂರು, ಮತ್ತೊಬ್ಬ ನಾಲ್ಕು ನಾಲ್ಕು, ಹೀಗೆ ಆರು ಆರರವರೆಗೆ ಮೆಟ್ಟಿಲು ಹಾರುತ್ತಾ ಹೊರಟರೆ ಎಲ್ಲರೂ ಒಟ್ಟಿಗೆ ಕಾಲಿಡುವ ಮೊದಲ ಮೆಟ್ಟಿಲು ಅರವತ್ತನೆಯದು. ಹೀಗೆ ಅರವತ್ತು ಪಾಲಾಗುವ ಸಂಖ್ಯೆಯೂ ಹೌದು, ಬೇರೆ ಬೇರೆ ಲೆಕ್ಕಗಳು ಬಂದು ಕೂಡುವ ಸಂಖ್ಯೆಯೂ ಹೌದು. ಜಗತ್ತಿನಲ್ಲಿ ಅರವತ್ತು ಎಲ್ಲೆಲ್ಲಿ ಬೇರು ಬಿಟ್ಟಿದೆಯೋ ಅಲ್ಲೆಲ್ಲ ಈ ಎರಡರಲ್ಲಿ ಒಂದು ಕಾರಣ ಸಿಗುತ್ತದೆ.

ಪಾಲಿನ ಕಥೆ ಶುರುವಾಗುವುದು ಮೆಸೊಪೊಟೇಮಿಯಾದಲ್ಲಿ, ಇಂದಿನ ಇರಾಕ್ ಇರುವ ಕಡೆ. ಸುಮೇರಿಯನ್ನರು, ಅವರ ನಂತರ ಬ್ಯಾಬಿಲೋನಿಯನ್ನರು ಅರವತ್ತನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕ ಮಾಡಿದರು. ತೂಕದಲ್ಲಿ 60 ಶೆಕೆಲ್ ಸೇರಿದರೆ ಒಂದು ಮೀನಾ, 60 ಮೀನಾ ಸೇರಿದರೆ ಒಂದು ಟ್ಯಾಲೆಂಟ್. ದೇವರುಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿದ್ದರು. ಆಕಾಶದ ದೇವರು ಅನು ಎಲ್ಲರಿಗಿಂತ ದೊಡ್ಡವನು, ಅವನದು 60.

ಯಾಕೆ ಅರವತ್ತೇ? ಒಂದು ಊಹೆ ಎಲ್ಲ ಕಡೆ ಓಡಾಡುತ್ತಿರುತ್ತದೆ. ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆಣ್ಣು ಎಣಿಸಿದರೆ 12 ಆಗುತ್ತದೆ. ಪ್ರತಿ ಹನ್ನೆರಡಕ್ಕೆ ಇನ್ನೊಂದು ಕೈಯಲ್ಲಿ ಒಂದು ಬೆರಳು ಮಡಚಿದರೆ ಐದು ಬೆರಳಿಗೆ 60. ಕೇಳಲು ಚೆನ್ನಾಗಿದೆ, ನಾನಂತೂ ಇದನ್ನು ಪೂರ್ತಿ ನಂಬುವುದಿಲ್ಲ. ಅವರು ಬರೆದ ಗುರುತುಗಳಲ್ಲಿ ಹನ್ನೆರಡರ ಗುಂಪೇ ಕಾಣಿಸುವುದಿಲ್ಲ. ಒಂದಕ್ಕೆ ಒಂದು ಉದ್ದ ಗೂಟದಂಥ ಗುರುತು, ಹತ್ತಕ್ಕೆ ಒಂದು ಮೂಲೆಯಂಥ ಗುರುತು. ಈ ಎರಡೇ ಗುರುತಿನಲ್ಲಿ 59ರವರೆಗೆ ಬರೆಯುತ್ತಿದ್ದರು. ಅಂದರೆ ಹತ್ತು ಒಂದುಗಳಿಗೆ ಒಂದು ಹತ್ತು, ಆರು ಹತ್ತುಗಳಿಗೆ ಒಂದು ಅರವತ್ತು. ನಮ್ಮ ಅರವತ್ತು ಅನ್ನುವ ಪದ ಕಟ್ಟಿಕೊಂಡಿರುವುದೂ ಹೀಗೇ.

ಅರವತ್ತಾದ ಕೂಡಲೇ ಮತ್ತೆ ಒಂದರ ಗೂಟವನ್ನೇ ಎಡಗಡೆ ಬರೆಯುತ್ತಿದ್ದರು, ಗಡಿಯಾರ ಮಾಡುವ ಹಾಗೆ. ಸೊನ್ನೆಗೆ ಮೊದಲು ಗುರುತೇ ಇರಲಿಲ್ಲ. ಹಾಗಾಗಿ 1, 60, ಅರವತ್ತನೇ ಒಂದು ಭಾಗ, ಮೂರನ್ನೂ ಬರೆಯುವುದು ಒಂದೇ ಥರ. ಯಾವುದು ಅಂತ ಓದುವವರೇ ಸಂದರ್ಭ ನೋಡಿ ತಿಳಿದುಕೊಳ್ಳಬೇಕು.

ಇದು ತಲೆನೋವು ಅನ್ನಿಸುತ್ತದೆ. ಆದರೆ ಇದನ್ನೇ ಅನುಕೂಲ ಮಾಡಿಕೊಂಡ ಒಂದು ಮಣ್ಣಿನ ಹಲಗೆ ಇದೆ. ಸುಮಾರು ಕ್ರಿ.ಪೂ. 1800ರಿಂದ 1600ರ ನಡುವಿನದು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಈಗ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅದರ ಸಂಖ್ಯೆ ವೈಬಿಸಿ 7289. ಹಲಗೆಯ ಮೇಲೆ ಒಂದು ಚೌಕ, ಅದಕ್ಕೆ ಎರಡು ಕರ್ಣ. ಒಂದು ಬದಿಯ ಮೇಲೆ 30 ಅಂತ ಬರೆದಿದೆ. ಕರ್ಣದ ಮೇಲೆ 1, 24, 51, 10 ಅಂತ ಇದೆ. ಒಂದು, ಅದರ ಜೊತೆ 24ನ್ನು 60ರಿಂದ, 51ನ್ನು 3600ರಿಂದ, 10ನ್ನು 2,16,000ದಿಂದ ಭಾಗಿಸಿ ಕೂಡಿಸಿ. 1.414213 ಬರುತ್ತದೆ. ಎರಡರ ವರ್ಗಮೂಲ! ಆರನೇ ದಶಮಾಂಶ ಸ್ಥಾನದ ಹತ್ತಿರ ಬರುವವರೆಗೂ ತಪ್ಪಿಲ್ಲ.

ಅದರ ಕೆಳಗೆ 42, 25, 35. ಇದು ಬದಿ 30 ಇದ್ದಾಗ ಕರ್ಣದ ಉದ್ದ. ಮೊದಲಿನದನ್ನು 30ರಿಂದ ಗುಣಿಸಬೇಕು ಅಲ್ವಾ? ಬೇಕಿಲ್ಲ. ಅರವತ್ತರ ಲೆಕ್ಕದಲ್ಲಿ 30 ಅಂದರೆ ಅರ್ಧ. 1, 24, 51, 10ನ್ನು ಅರ್ಧ ಮಾಡಿ: ಒಂದು ಅಂದರೆ ಪಕ್ಕದ ಮನೆಯ ಅರವತ್ತು, ಅದಕ್ಕೆ 24 ಸೇರಿ 84, ಅರ್ಧ 42. 51ರ ಅರ್ಧ 25, ಉಳಿದ ಒಂದು ಪಕ್ಕದ ಮನೆಗೆ ಹೋಗಿ 70 ಆಗುತ್ತದೆ, ಅದರ ಅರ್ಧ 35. ಲೆಕ್ಕ ಮುಗಿಯಿತು. ಬದಿಗೆ 30ನ್ನೇ ಆರಿಸಿಕೊಂಡವರಿಗೆ ಈ ಕೈಚಳಕ ಗೊತ್ತಿತ್ತು ಅಂತಲೇ ನನಗನ್ನಿಸುತ್ತದೆ.

ಭಾಗಾಕಾರದ ಬದಲು ಅವರು ಗುಣಾಕಾರವನ್ನೇ ಮಾಡುತ್ತಿದ್ದರು. ಮೂರರಿಂದ ಭಾಗಿಸುವ ಬದಲು 20ರಿಂದ ಗುಣಿಸು, ಮನೆ ಸರಿಸು. ಎಂಟಕ್ಕೆ 7, 30. ಒಂಬತ್ತಕ್ಕೆ 6, 40. ಹೀಗೆ ಪಟ್ಟಿ ಮಾಡಿ ಇಟ್ಟುಕೊಂಡಿದ್ದರು. ಆ ಪಟ್ಟಿಯಲ್ಲಿ ಆರು ಆದಮೇಲೆ ನೇರವಾಗಿ ಎಂಟು ಬರುತ್ತದೆ. ಏಳು ಇಲ್ಲ. ಅರವತ್ತು ಕೈಚೆಲ್ಲುವ ಮೊದಲ ಸಂಖ್ಯೆ ಏಳು. ಅದನ್ನೂ ಸೇರಿಸಿಕೊಳ್ಳಬೇಕಾದರೆ 420ರವರೆಗೆ ಹೋಗಬೇಕು.

ಈ ಲೆಕ್ಕ ಗ್ರೀಕ್ ಖಗೋಳಕ್ಕೆ ಹೋಯಿತು. ಎರಡನೇ ಶತಮಾನದಲ್ಲಿ ಟಾಲೆಮಿ ಡಿಗ್ರಿಯನ್ನು ಅರವತ್ತಾಗಿ, ಅದನ್ನು ಮತ್ತೆ ಅರವತ್ತಾಗಿ ಒಡೆದ. ಲ್ಯಾಟಿನ್‌ನಲ್ಲಿ ಮೊದಲ ಒಡೆತಕ್ಕೆ 'ಪಾರ್ಸ್ ಮಿನುಟಾ ಪ್ರೀಮಾ', ಅಂದರೆ ಮೊದಲ ಚಿಕ್ಕ ಭಾಗ. ಎರಡನೆಯದಕ್ಕೆ 'ಪಾರ್ಸ್ ಮಿನುಟಾ ಸೆಕುಂಡಾ'. ಇಂಗ್ಲಿಷಿನ ಮಿನಿಟ್ ಬಂದದ್ದು ಮೊದಲನೆಯದರಿಂದ, ಸೆಕೆಂಡ್ ಬಂದದ್ದು ಎರಡನೆಯದರಿಂದ. ಸೆಕೆಂಡ್ ಅನ್ನುವ ಪದದ ಅರ್ಥ ನಿಜವಾಗಿಯೂ 'ಎರಡನೆಯದು' ಅಂತಲೇ.

ಇದನ್ನು ಕಿತ್ತುಹಾಕುವ ಪ್ರಯತ್ನವೂ ನಡೆದಿದೆ. ಕ್ರಾಂತಿಯ ಬಿಸಿಯಲ್ಲಿದ್ದ ಫ್ರಾನ್ಸ್ 1793ರಲ್ಲಿ ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ, ನಿಮಿಷಕ್ಕೆ 100 ಸೆಕೆಂಡ್ ಅಂತ ಕಾನೂನು ಮಾಡಿತು. ಮೀಟರು, ಕಿಲೋ ಎಲ್ಲ ಗೆದ್ದವು, ಈ ಗಡಿಯಾರ ಮಾತ್ರ ಸೋತಿತು. 1795ರಲ್ಲಿ ಅದನ್ನು ಕೈಬಿಟ್ಟರು. ಆ ಕಾಲದ ಉತ್ಸಾಹದ ಒಂದು ಚೂರು ಇನ್ನೂ ಉಳಿದಿದೆ. ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಡಿಗ್ರಿ, ರೇಡಿಯನ್ ಜೊತೆ ಗ್ರಾಡ್ ಅಂತ ಮೂರನೆಯದೊಂದು ಇರುತ್ತದೆ, ಲಂಬಕೋನಕ್ಕೆ 100 ಗ್ರಾಡ್. ತಪ್ಪಿ ಅದನ್ನು ಒತ್ತಿ, ಉತ್ತರ ಯಾಕೆ ಬರ್ತಿಲ್ಲ ಅಂತ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ. ಕೈವಾರ ಹಿಡಿದವರಿಗೆ ಮಾತ್ರ ಡಿಗ್ರಿಯೇ ಸರಿ. ವೃತ್ತ ಎಳೆದು, ಕೈವಾರವನ್ನು ಅಷ್ಟೇ ಅಗಲ ಇಟ್ಟು ವೃತ್ತದ ಮೇಲೆ ಹೆಜ್ಜೆ ಹಾಕುತ್ತಾ ಹೋದರೆ ಸರಿಯಾಗಿ ಆರನೇ ಹೆಜ್ಜೆಗೆ ಹೊರಟಲ್ಲಿಗೇ ಬರುತ್ತೀರಿ. ಒಂದೊಂದು ಹೆಜ್ಜೆಗೆ 60 ಡಿಗ್ರಿ.

ಪಂಚಾಂಗದ ಕಾಲಮಾನದಲ್ಲೂ ಅರವತ್ತೇ ಇದೆ, ಆದರೆ ತಿರುಗಿಸಿ ಇಟ್ಟಂತೆ. ದಿನಕ್ಕೆ 60 ಗಳಿಗೆ, ಗಳಿಗೆಗೆ 60 ವಿಗಳಿಗೆ. ಒಂದು ಗಳಿಗೆ ಅಂದರೆ 24 ನಿಮಿಷ. ಗಡಿಯಾರದ ದಿನ 60 ನಿಮಿಷದ 24 ತುಂಡು, ಪಂಚಾಂಗದ ದಿನ 24 ನಿಮಿಷದ 60 ತುಂಡು. ತಿಥಿ 12 ಗಳಿಗೆ 30 ವಿಗಳಿಗೆ ಅಂತ ಬರೆದಿದ್ದರೆ ಸೂರ್ಯೋದಯವಾಗಿ ಸರಿಯಾಗಿ ಐದು ಗಂಟೆವರೆಗೆ ಅಂತ ಅರ್ಥ. ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವ ಹೊತ್ತನ್ನು ಒಂದು ಗಳಿಗೆ ಅಂತ ಎಣಿಸುತ್ತಿದ್ದರು. 'ಒಂದು ಗಳಿಗೆ ಇರಿ, ಬಂದೆ' ಅಂದವರು 24 ನಿಮಿಷ ತೆಗೆದುಕೊಂಡರೆ ತಕರಾರು ಮಾಡುವ ಹಾಗಿಲ್ಲ.

ಕೂಡುವ ಅರವತ್ತಿಗೆ ಬರೋಣ. ಗುರು ಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 12 ವರ್ಷ, ಶನಿಗೆ ಸುಮಾರು 30. ಎರಡರ ಲಸಾಅ 60. ಗುರು ಐದು ಸುತ್ತು, ಶನಿ ಎರಡು ಸುತ್ತು ಮುಗಿಸಿ ಹೆಚ್ಚುಕಡಿಮೆ ಹೊರಟ ಜಾಗದಲ್ಲೇ ಸೇರುತ್ತವೆ. ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರಗಳ ಚಕ್ರ ಗುರುವಿನ ಈ ಐದು ಸುತ್ತಿನ ಲೆಕ್ಕ. ಗುರುವಿನ ಒಂದು ಸುತ್ತನ್ನು 12 ಪಾಲು ಮಾಡಿದರೆ ಬರುವ 'ಗುರುವಿನ ವರ್ಷ' ನಮ್ಮ ವರ್ಷಕ್ಕಿಂತ ತುಸು ಚಿಕ್ಕದು. ಅದಕ್ಕೇ ಉತ್ತರ ಭಾರತದ ಲೆಕ್ಕದಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಹೆಸರನ್ನು ಬಿಟ್ಟು ಮುಂದೆ ಹೋಗುತ್ತಾರೆ. ದಕ್ಷಿಣದಲ್ಲಿ ಬಿಡುವುದಿಲ್ಲ, ಸಾಲಾಗಿ ಹೇಳಿಕೊಂಡು ಹೋಗುವುದಷ್ಟೇ. ಒಂದೇ ವರ್ಷಕ್ಕೆ ಎರಡು ಕಡೆ ಎರಡು ಹೆಸರು ಇರುವುದು ಇದರಿಂದಲೇ.

ಸಾಲು ತಪ್ಪದ ಈ ಲೆಕ್ಕದಿಂದ ಶಾಸನ ಓದುವವರಿಗೆ ಭಾರಿ ಉಪಕಾರವಾಗಿದೆ. ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಬುಕ್ಕರಾಯನ ಶಾಸನ ಶ್ರವಣಬೆಳಗೊಳದಲ್ಲಿದೆ. ಅದರಲ್ಲಿ ಶಕವರ್ಷ 1290, ಕೀಲಕ ಸಂವತ್ಸರ ಅಂತ ಇದೆ. ಶಕ 1290 ಅಂದರೆ ಕ್ರಿ.ಶ. 1368. ಪರೀಕ್ಷೆ ಮಾಡೋಣ. 1987ರ ಯುಗಾದಿಗೆ ಪ್ರಭವ ಶುರುವಾಗಿತ್ತು. ಅರವತ್ತರವತ್ತು ಹಿಂದಕ್ಕೆ ಹೋದರೆ 1387, ಮತ್ತೆ ಒಂದು ಹೆಜ್ಜೆಗೆ 1327. ಅಲ್ಲಿಂದ 1368ಕ್ಕೆ 41 ವರ್ಷ, ಅಂದರೆ 42ನೇ ಸಂವತ್ಸರ. ಪಟ್ಟಿಯಲ್ಲಿ 42ನೆಯದು ಕೀಲಕವೇ.

ಚೀನಾದ ಅರವತ್ತು ಹುಟ್ಟಿದ್ದು ಬೇರೆ ಲಸಾಅದಿಂದ. ಹತ್ತು 'ಆಕಾಶದ ಕಾಂಡಗಳು', ಹನ್ನೆರಡು 'ಭೂಮಿಯ ಕೊಂಬೆಗಳು'. ಎರಡನ್ನೂ ಒಟ್ಟೊಟ್ಟಿಗೆ ಒಂದೊಂದೇ ಮುಂದೆ ಸರಿಸಿದರೆ ಮೊದಲ ಜೋಡಿ ಮತ್ತೆ ಬರಲು 60 ಹೆಜ್ಜೆ ಬೇಕು. ಶಾಂಗ್ ರಾಜರ ಕಾಲದ ಮೂಳೆಗಳ ಮೇಲೆ ದಿನಗಳನ್ನು ಹೀಗೇ ಗುರುತು ಹಾಕಿದ್ದಾರೆ. ಜಪಾನಿನಲ್ಲಿ ಅರವತ್ತು ತುಂಬಿದವರಿಗೆ 'ಕನ್ರೆಕಿ', ಅಂದರೆ ಕ್ಯಾಲೆಂಡರ್ ಮರಳಿ ಬಂದಿತು ಅಂತ. ಹುಟ್ಟಿದ ವರ್ಷದ ಹೆಸರೇ ಮತ್ತೆ ಬಂದಿರುವುದರಿಂದ ಅವರು ಮತ್ತೆ ಮಗು, ಅದಕ್ಕೇ ಕೆಂಪು ಟೋಪಿ, ಕೆಂಪು ಅಂಗಿ ತೊಡಿಸುತ್ತಾರೆ. ನಮ್ಮಲ್ಲಿ ಷಷ್ಟ್ಯಬ್ದಿಗೆ ಗಂಡಹೆಂಡತಿಗೆ ಮತ್ತೆ ಮದುವೆ ಮಾಡುವುದರ ಹಿಂದೆಯೂ ಇದೇ ಚಕ್ರವಿದೆ. ಜೊತೆಗೆ ಅರವತ್ತಕ್ಕೆ ಅರಳು ಮರುಳು ಅಂತ ಗಾದೆ ಹೇಳಿ ನಗುವುದೂ ನಾವೇ. ಮರುಳು ಅಂದರೆ ಬುದ್ಧಿ ತಪ್ಪುವುದು. ಮರಳಿ ಅರಳುವುದು ಅಂತ ಓದಿಕೊಂಡು ಸಮಾಧಾನ ಪಡುವವರೂ ಇದ್ದಾರೆ, ಅವರನ್ನು ನೋಡಿದರೆ ನನಗೆ ಖುಷಿ.

ಗಣಿತದಲ್ಲಿ ಅರವತ್ತು ಒಂದು ಕಡೆ ತನ್ನ ಸ್ವಭಾವಕ್ಕೆ ಪೂರ್ತಿ ವಿರುದ್ಧ ನಿಲ್ಲುತ್ತದೆ. ಐದು ವಸ್ತುಗಳನ್ನು ಸಾಲಾಗಿ 120 ರೀತಿಯಲ್ಲಿ ಜೋಡಿಸಬಹುದು. ಎರಡೆರಡನ್ನು ಅದಲುಬದಲು ಮಾಡುವುದನ್ನು ಸಮಸಂಖ್ಯೆಯಷ್ಟು ಸಲ ಮಾಡಿದಾಗ ಸಿಗುವುದು ಅದರಲ್ಲಿ ಅರ್ಧ, 60. ಈ ಅರವತ್ತು ಸೇರಿ ಒಂದು ಗ್ರೂಪ್ ಆಗುತ್ತದೆ, ಅಂದರೆ ಒಂದಾದಮೇಲೆ ಇನ್ನೊಂದು ಮಾಡಿದರೂ ಆ ಅರವತ್ತರೊಳಗೇ ಉಳಿಯುವ ಅದಲುಬದಲುಗಳ ಗುಂಪು. ಸಂಖ್ಯೆಯಾಗಿ ಅರವತ್ತು ಹೇಗೆ ಬೇಕಾದರೂ ಒಡೆಯುತ್ತದೆ, ಆದರೆ ಈ ಗ್ರೂಪನ್ನು ಇನ್ನೂ ಸರಳ ಗ್ರೂಪುಗಳಾಗಿ ಒಡೆಯಲು ಬರುವುದೇ ಇಲ್ಲ. ವರ್ಗ ಸಮೀಕರಣಕ್ಕೆ ಇರುವಂಥ ಸೂತ್ರ ಐದನೇ ಘಾತದ ಸಮೀಕರಣಕ್ಕೆ ಇಲ್ಲದಿರುವುದಕ್ಕೆ ಕಾರಣ ಈ ಹಠಮಾರಿ ಗ್ರೂಪ್. ಇಪ್ಪತ್ತನೇ ವಯಸ್ಸಿನಲ್ಲಿ, 1832ರಲ್ಲಿ ತೀರಿಹೋದ ಫ್ರೆಂಚ್ ಗಣಿತಜ್ಞ ಗಾಲ್ವಾ ಕಟ್ಟಿದ ಸಿದ್ಧಾಂತದಿಂದ ಇದು ತಿಳಿಯಿತು. ಕಪ್ಪು ಬಿಳುಪು ತುಂಡು ಹೊಲಿದ ಹಳೇ ಫುಟ್‌ಬಾಲನ್ನು ತಿರುಗಿಸಿ ಮೊದಲಿನ ಹಾಗೇ ಕಾಣುವಂತೆ ಇಡಲು ಇರುವ ದಾರಿಗಳೂ 60. ಅದರಲ್ಲಿ 12 ಪಂಚಭುಜ, ಪ್ರತಿಯೊಂದಕ್ಕೂ ಐದು ಮೂಲೆ, ಒಟ್ಟು 60 ಮೂಲೆ. ಒಂದೊಂದು ಮೂಲೆಯಲ್ಲಿ ಒಂದೊಂದು ಇಂಗಾಲದ ಪರಮಾಣು ಕೂರಿಸಿದಂಥ ಅಣು 1985ರಲ್ಲಿ ಸಿಕ್ಕಿತು. ಅದನ್ನು ಕಂಡುಹಿಡಿದ ಕ್ರೋಟೋ, ಕರ್ಲ್, ಸ್ಮಾಲಿ ಅವರಿಗೆ 1996ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಗಡಿಯಾರ ಅರವತ್ತನ್ನು ತೋರಿಸುವುದಿಲ್ಲ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಭೂಮಿ ತಿರುಗುವ ವೇಗ ಪರಮಾಣು ಗಡಿಯಾರಕ್ಕೆ ಸರಿಹೊಂದದೆ ಹೋದಾಗ ಒಂದು ಸೆಕೆಂಡ್ ಸೇರಿಸುತ್ತಾರೆ, ಅದಕ್ಕೆ ಲೀಪ್ ಸೆಕೆಂಡ್ ಅನ್ನುತ್ತಾರೆ. ಆ ನಿಮಿಷಕ್ಕೆ 61 ಸೆಕೆಂಡ್. 1972ರಿಂದ ಹೀಗೆ 27 ಸಲ ಆಗಿದೆ. ಕೊನೆಯ ಸಲ ಆಗಿದ್ದು 2016ರ ಡಿಸೆಂಬರ್ 31ರಂದು. ಭಾರತದಲ್ಲಿ ಆಗ 2017ರ ಜನವರಿ 1ರ ಬೆಳಗಿನ ಜಾವ. ಅಧಿಕೃತ ಸಮಯದಲ್ಲಿ 5:29:59 ಆದಮೇಲೆ 5:29:60 ಬಂತು, ಆಮೇಲೆ 5:30:00. ಈ ಪದ್ಧತಿಯನ್ನು 2035ರೊಳಗೆ ನಿಲ್ಲಿಸಬೇಕು ಅಂತ 2022ರಲ್ಲಿ ದೇಶಗಳೆಲ್ಲ ಸೇರಿ ತೀರ್ಮಾನ ಮಾಡಿವೆ.